ಭರಮಪ್ಪನ ಭಂಡಾರ, ನನ್ನ ಲೆನ್ಸು

ಒಂದು ಜೋಡಿ ಎತ್ತಿನ ಬೆಲೆ ಕೊಟ್ಟು ನಾನು ಒಂದು ಲೆನ್ಸು ಕೊಂಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಹೆಂಡತಿ ಸುಶೀಲವ್ವ ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಇದನ್ನೇ ಕೊಡುತ್ತಾಳೆ. ಅದು ಎಂಬತ್ತೈದನೆಯ ಇಸವಿ. ಗುಡಗೇರಿ ಸ್ಟೇಶನ್ನಿನ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು, ಅಲ್ಲಿಂದ ಎರಡು ಮೈಲಿ ದೂರದ ಹಳ್ಳಿಯಲ್ಲಿ ಮನೆ. ಮಣ್ಣಿನ ಮಾಳಿಗೆಯ ಮನೆ, ಮಳೆ ಬಂದರೆ ಐದು ಕಡೆ ಸೋರುತ್ತಿತ್ತು. ಮಾಳಿಗೆ ತೆಗೆಸಿ ಹಂಚು ಹೊದಿಸಬೇಕೆಂದು ನಾಲ್ಕು ವರ್ಷ ಕೂಡಿಟ್ಟ ಹಣ ಹುಬ್ಬಳ್ಳಿಯಲ್ಲಿ ಒಂದೇ ಮಧ್ಯಾಹ್ನ ಕರಗಿತು. ಮುಂಬಯಿಯಿಂದ ಸಾಮಾನು ತರುವವನೊಬ್ಬ ಬಟ್ಟೆ ಬಿಚ್ಚಿ ಅದನ್ನು ನನ್ನ ಕೈಗಿಟ್ಟಿದ್ದ. ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸು, ಅದರಲ್ಲೂ ಝೂಮ್. ಕೊಳವೆಯನ್ನು ಮುಂದೆ ತಳ್ಳಿದರೆ ರಸ್ತೆಯಾಚೆಯ ಪಾನಪಟ್ಟಿ ಅಂಗಡಿಯವನ ಮೀಸೆ ಕಣ್ಣಿಗೆ ಚುಚ್ಚುವಷ್ಟು ಹತ್ತಿರ ಬಂತು. ನನ್ನ ಬುದ್ಧಿ ಅಲ್ಲಿಗೇ ಮಣ್ಣುಪಾಲಾಯಿತು.

"ಹತ್ತರ ಹೋಗಿ ನಿಂತಿದ್ರ ಪುಕ್ಕಟ ಕಾಣಸ್ತಿತ್ತಲ್ರಿ," ಎಂದಳು ಸುಶೀಲವ್ವ.

ಅವಳಿಗೆ ಏನು ತಿಳಿಯಬೇಕು ಎಂದುಕೊಂಡೆ. ಊರಲ್ಲಿ ಒಂದು ವಾರ ಎದೆ ಸೆಟೆಸಿಕೊಂಡು ತಿರುಗಿದೆ. ಕಟ್ಟೆಯ ಮೇಲೆ ಕೂತವರಿಗೆ, "ನಿಮ್ಮ ಕಣ್ಣ ತಪ್ಪಬಹುದು, ಇದು ತಪ್ಪಾಂಗಿಲ್ಲ. ಇದರ ಮುಂದ ಸುಳ್ಳ ನಡ್ಯಾಂಗಿಲ್ಲ," ಎಂದು ಹೇಳಿಕೊಂಡು ಬಂದೆ. ಆ ಮಾತು ನನ್ನದೇ, ಯಾರೂ ನನ್ನ ಬಾಯಲ್ಲಿ ಹಾಕಿದ್ದಲ್ಲ.

ನನ್ನ ಲೆನ್ಸಿಗಾಗಿ ನನಗಿಂತ ಹೆಚ್ಚು ಕಾದವರು ಊರ ಗೌಡರಾದ ಈರಬಸಪ್ಪನವರು. ನನ್ನ ತಂದೆಯ ದಾಯಾದಿ ತಮ್ಮ, ನನಗೆ ಕಾಕಾ. ಅವರ ಮನೆಯಲ್ಲಿ ಒಂದು ಬಿಳಿ ಎತ್ತಿತ್ತು. ಮಕ್ಕಳಿಲ್ಲದ ಈರಬಸಪ್ಪ ಕಾಕಾ ಮತ್ತು ಮಹಾದೇವಕ್ಕ ಅದನ್ನು ಕರುವಿನಿಂದ ಸಾಕಿದ್ದರು. ಕಾರಹುಣ್ಣಿಮೆಯ ಸಂಜೆ ನಮ್ಮೂರ ಅಗಸಿಯ ಬಾಗಿಲಿಗೆ ಬೇವಿನ ಸೊಪ್ಪು, ಕೊಬ್ಬರಿ ಬಟ್ಟಲು ಕಟ್ಟಿದ ಹಗ್ಗವನ್ನು ಅಡ್ಡ ಬಿಗಿಯುತ್ತಾರೆ. ಅದೇ ಕರಿ. ಓಡಿ ಬಂದ ಎತ್ತುಗಳಲ್ಲಿ ಬಿಳಿಯದು ಮೊದಲು ಕರಿ ಹರಿದರೆ ಹಿಂಗಾರಿ ಚಲೋ, ಕೆಂದೆತ್ತು ಹರಿದರೆ ಮುಂಗಾರಿ ಚಲೋ ಎಂಬುದು ಊರ ನಂಬಿಕೆ. ಎರಡು ವರ್ಷ ಸತತವಾಗಿ ಕಾಕಾನ ಎತ್ತೇ ಹರಿದಿತ್ತು. ಮೂರನೆಯ ಸಲ ಹರಿಯುವಾಗ ಎದುರಿನಿಂದ ಫೋಟೋ ಬೇಕು, ಪಡಸಾಲೆಯಲ್ಲಿ ಹಾಕಬೇಕು ಎಂದು ಅವರ ಆಸೆ.

ಅಗಸಿಯ ಪಕ್ಕದ ಕಟ್ಟೆಯ ಮೇಲೆ ಕಾಲು ಮಡಚಿ ಕೂತೆ. ಎದುರಿಗೆ ನೇರ ರಸ್ತೆ. ಅರವತ್ತು ಮಾರು ದೂರದಲ್ಲಿ ಗಟಾರು, ಅದರ ಮೇಲೆ ಹಾಸಿದ ಫರಸಿ ಕಲ್ಲು. ಅದಕ್ಕೂ ಆಚೆ ದ್ಯಾಮವ್ವನ ಗುಡಿ, ಗುಡಿಯ ಮುಂದೆ ದೀಪದ ಕಂಬ. ಎತ್ತುಗಳು ಹೊರಟವು. ಧೂಳು ಎದ್ದಿತು. ಕೊಳವೆಯನ್ನು ಪೂರ್ತಿ ತಳ್ಳಿ ಕಣ್ಣಿಟ್ಟೆ. ಬಿಳಿ ಎತ್ತು ಒಂದು ಮೊಳ ಮುಂದಿತ್ತು, ಕೊಂಬಿನ ಗೊಂಡೆ ಹಾರಾಡುತ್ತಿದ್ದವು. ಗಟಾರಿನ ಹತ್ತಿರ ಬಂದಾಗ ಅದರ ಹಿಂಭಾಗ ಒಮ್ಮೆಲೆ ಕುಸಿಯಿತು, ದೇಹ ಅಡ್ಡ ತಿರುಗಿತು. ನನ್ನ ಬೆರಳು ತಾನಾಗಿಯೇ ಒತ್ತಿತು. ಒಂದೇ ಒಂದು ಫೋಟೋ. ಆಮೇಲೆ ಕೇಳಿದ ಕೂಗನ್ನು ಎತ್ತಿನದೆಂದುಕೊಂಡೆ, ಅದು ಕಾಕಾನದು.

ಎತ್ತಿನ ಹಿಂಗಾಲು ಮುರಿದಿತ್ತು, ತೊಡೆಯ ಕೆಳಗೆ ಉದ್ದಕ್ಕೆ ಸೀಳಿ ರಕ್ತ ಹರಿಯುತ್ತಿತ್ತು. ಕುಂದಗೋಳದಿಂದ ಬಂದ ದನದ ಡಾಕ್ಟರು ತಲೆ ಅಲ್ಲಾಡಿಸಿ ಹೋದರು. ಮರುದಿನ ಮಧ್ಯಾಹ್ನ ಎತ್ತು ಸತ್ತಿತು. ಕಾಕಾ ತಮ್ಮ ಹೊಲದಲ್ಲೇ ಕುಣಿ ತೋಡಿಸಿ, ತಮ್ಮ ಮದುವೆಯ ಶಲ್ಯ ಹೊದಿಸಿ ಮಣ್ಣು ಮಾಡಿದರು. ಅಲ್ಲಿಂದ ಬಂದು ಊಟಕ್ಕೆ ಏಳಲೇ ಇಲ್ಲ.

ಆ ಹೊತ್ತಿಗೆ ನಾನು ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿದ್ದೆ. ಕಾಗದದ ಮೇಲೆ ಚಿತ್ರ ನಿಧಾನವಾಗಿ ಏಳತೊಡಗಿತು. ಕುಸಿಯುತ್ತಿರುವ ಎತ್ತು. ಅದರ ಹಿಂದೆ, ತೀರ ಅದಕ್ಕೆ ಹತ್ತಿ, ಕಂಬಳಿ ಹೊದ್ದ ಒಬ್ಬ ಮನುಷ್ಯ. ಅವನ ಕೈಯಲ್ಲಿ ಉದ್ದನೆಯ ಗಳ, ಅದರ ತುದಿಗೆ ಕುರಿಗಳಿಗೆ ಸೊಪ್ಪು ಕೊಯ್ಯಲು ಕಟ್ಟುವ ಕುಡಗೋಲು. ಕುಡಗೋಲಿನ ಬಾಯಿ ಎತ್ತಿನ ತೊಡೆಗೆ ತಾಗಿತ್ತು. ಮುಖ ಸ್ಪಷ್ಟವಾಗಿತ್ತು. ಕುರಿಗಾರ ಭರಮಪ್ಪ.

ನನಗೆ ಆಗ ಸಂಕಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಖುಷಿಯಾಯಿತು. ನೂರಾರು ಜನ ನಿಂತು ನೋಡಿದರೂ ಆ ನೂಕುನುಗ್ಗಲಿನಲ್ಲಿ ಯಾರಿಗೂ ಕಾಣದ್ದು ನನ್ನ ಲೆನ್ಸಿಗೆ ಕಂಡಿತ್ತು. ಕೊಟ್ಟ ದುಡ್ಡು ಬಂತು ಎಂದುಕೊಂಡೆ. ಎಡಬಲದ ಬೇಡವಾದ ಭಾಗ ಬಿಟ್ಟು, ಎತ್ತು ಮತ್ತು ಭರಮಪ್ಪ ಇಬ್ಬರೇ ಇರುವಂತೆ ಫೋಟೋ ದೊಡ್ಡದು ಮಾಡಿದೆ. ಒಣಗುವವರೆಗೂ ತಡೆಯಲಿಲ್ಲ, ಹಸಿ ಕಾಗದವನ್ನೇ ಸೈಕಲ್ಲಿನ ಹ್ಯಾಂಡಲಿಗೆ ಒರಗಿಸಿಕೊಂಡು ಕಾಕಾನ ಮನೆಗೆ ಒಯ್ದೆ.

ಕಾಕಾ ಬಹಳ ಹೊತ್ತು ನೋಡಿದರು. "ಕೊಂಡವಾಡದ ಸಿಟ್ಟ ಇಲ್ಲಿ ತೀರಸ್ಯಾನ," ಎಂದರು. ಒಂದು ತಿಂಗಳ ಹಿಂದೆ ಭರಮಪ್ಪನ ಕುರಿ ಅವರ ಹೊಲಕ್ಕೆ ನುಗ್ಗಿದ್ದಕ್ಕೆ ಹಿಂಡನ್ನೇ ಕೊಂಡವಾಡಕ್ಕೆ, ಬೆಳೆ ಮೇಯ್ದ ದನ ಕೂಡುವ ಊರ ದೊಡ್ಡಿಗೆ, ಹಾಕಿಸಿದ್ದರು. ಊರಿಗೆ ಬೇರೆ ಕಾರಣ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ನನ್ನ ಫೋಟೋ ಕೈಯಿಂದ ಕೈಗೆ ಹೋಯಿತು. ಭರಮಪ್ಪ ಕಟ್ಟೆಯ ಕೆಳಗೆ ನಿಂತಿದ್ದ. ಐವತ್ತೈದರ ಮನುಷ್ಯ, ಎತ್ತರದ ಆಳು, ಮಾತು ಕಡಿಮೆ.

"ನಾ ದೀಪದ ಕಂಬಾ ಹಿಡಕೊಂಡ ನಿಂತಿದ್ದೆ. ಮಂದಿ ನೂಕಾಕತ್ತಿದ್ರು. ಕುಡಗೋಲ ಯಾರದರ ಮಾರಿಗೆ ತಾಗೀತಂತ ಗಳಾ ಕೆಳಗ ಮಾಡಿ ಹಿಡದಿದ್ದೆ," ಎಂದ. "ಎತ್ತಿನ ಕಾಲ ಫರಸಿ ಸಂದ್ಯಾಗ ಹೋತು, ಕಲ್ಲಿನ ಅಂಚಿಗೆ ಸೀಳಿತು. ಅದನ್ನ ನಾ ನೋಡೇನಿ."

"ಕಂಬದಿಂದ ಗಟಾರಕ್ಕ ಎಂಟ ಮಾರ ಐತಿ," ಎಂದ ಹಿರಿಯನೊಬ್ಬ. "ಇಲ್ಲಿ ನೋಡಿದ್ರ ನೀ ಎತ್ತಿನ ಬಾಲದಾಗ ನಿಂತೀಯಲ್ಲೋ."

ಭರಮಪ್ಪ ಸೊಂಟದ ಚೀಲ ಬಿಚ್ಚಿದ. ಅದರಲ್ಲಿದ್ದದ್ದು ಭಂಡಾರ, ಅವನ ದೇವರು ಮೈಲಾರಲಿಂಗನ ಅರಿಸಿನ. ಹಾಲುಮತದವನು ಅದನ್ನು ಅಂಗೈಯಲ್ಲಿ ಹಿಡಿದು ಸುಳ್ಳು ಹೇಳುವುದಿಲ್ಲ, ಹೇಳಿದರೆ ಅವನ ವಂಶ ಉಳಿಯುವುದಿಲ್ಲ. ನಮ್ಮೂರಲ್ಲಿ ಬದುವಿನ ಜಗಳ ಹತ್ತಿದಾಗ, ಬೇರೆಯವರ ಜಗಳಕ್ಕೂ, ಭರಮಪ್ಪನನ್ನು ಕರೆಸುತ್ತಿದ್ದರು. ಹಿಂಡಿನ ಹಿಂದೆ ಹೊಲ ಹೊಲ ತಿರುಗುವ ಅವನಿಗೆ ಯಾವ ಕಲ್ಲು ಎಲ್ಲಿತ್ತೆಂದು ಗೊತ್ತಿತ್ತು. ಅವನು ಭಂಡಾರ ಹಿಡಿದು ಹೇಳಿದನೆಂದರೆ ಹಿರಿಯರು ಜಗಳ ಮುಗಿಯಿತೆಂದು ಧೋತರ ಝಾಡಿಸಿಕೊಂಡು ಎದ್ದು ಹೋಗುತ್ತಿದ್ದರು. ಅವನ ತಂದೆಯ ಕಾಲದಿಂದಲೂ ಹಾಗೇ ನಡೆದು ಬಂದಿತ್ತು.

ಈಗ ಅಂಗೈ ತುಂಬ ಭಂಡಾರ ತೆಗೆದು ಮುಂದೆ ಚಾಚಿದ. "ಗೌಡ್ರ, ಆಣಿ ಮಾಡತೀನಿ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕು?" ಎಂದರು ಕಾಕಾ. "ಫೋಟೋ ಐತಿ. ನಿನ್ನ ಆಣಿ ಇಟಗೋ."

ಭರಮಪ್ಪನ ಕೈ ಚಾಚಿದಂತೆಯೇ ಇತ್ತು. ಅವನು ನನ್ನ ಕಡೆ ತಿರುಗಿದ. "ತಮ್ಮಾ, ನೀ ಕಣ್ಣಿಲೆ ನೋಡೀಯೇನು, ನಾ ಹೊಡದಿದ್ದು?"

"ಲೆನ್ಸಿನ್ಯಾಗ ನೋಡೀನಿ, ಭರಮಣ್ಣ," ಎಂದೆ. ಧ್ವನಿಯಲ್ಲಿ ಬಿಗುಮಾನವಿತ್ತು. ಈಗಲೂ ಆ ಧ್ವನಿ ನನ್ನ ಕಿವಿಯಲ್ಲಿದೆ, ನಾಚಿಕೆಯಾಗುತ್ತದೆ.

ಅವನು ಭಂಡಾರವನ್ನು ತಿರುಗಿ ಚೀಲಕ್ಕೆ ಹಾಕಿದ. ಒಂದಿಷ್ಟು ಕೆಳಗೆ ಬಿತ್ತು. ಬಗ್ಗಿ ಅದನ್ನು ಮಣ್ಣಿನೊಡನೆ ಚಿವುಟಿ ಎತ್ತಿಕೊಂಡು ಹಣೆಗೆ ಹಚ್ಚಿಕೊಂಡ. ಹಿರಿಯರು ತೀರ್ಪು ಹೇಳಿದರು. ಮೂರನೆಯ ದಿನ ಹೊತ್ತು ಏರುವುದರೊಳಗೆ ಭರಮಪ್ಪ ಹೆಂಡತಿ ಮೈಲಾರವ್ವನನ್ನೂ ಹಿಂಡನ್ನೂ ಕಟ್ಟಿಕೊಂಡು ಊರು ಬಿಡಬೇಕು. ಕುರಿಗಾರ ತಿರುಗುವವನೇ, ಹೋದರೇನಾಯಿತು ಎಂದು ಕೆಲವರು ಅಂದುಕೊಂಡರು. ಆದರೆ ಎತ್ತಿಗೆ ಕುಡಗೋಲು ಹಾಕಿದವ ಎಂಬ ಹೆಸರು ಹಿಂಡಿಗಿಂತ ಮುಂದೆ ನಡೆಯುತ್ತದೆ. ಅಂಥವನ ಕುರಿಯನ್ನು ಯಾವ ಊರವನೂ ರಾತ್ರಿ ತನ್ನ ಹೊಲದಲ್ಲಿ ತರುಬಿ ನಿಲ್ಲಿಸಲು ಬಿಡುವುದಿಲ್ಲ.

ಆ ಸಂಜೆ ಮನೆಯಲ್ಲಿ ಸುಶೀಲವ್ವ ನನಗೆ ರೊಟ್ಟಿ ಬಡಿಸಿ, ನನ್ನ ಚೀಲದಿಂದ ಬಿದ್ದ ಸಣ್ಣ ಪ್ರಿಂಟನ್ನು ಕೈಗೆತ್ತಿಕೊಂಡಳು. ಅದು ಕತ್ತರಿಸದ, ಪೂರ್ತಿ ಫೋಟೋ.

"ಈ ಕಂಬಾ ಯಾವುದ್ರಿ?"

"ದ್ಯಾಮವ್ವನ ಗುಡೀದು."

"ಎತ್ತ ಬಿದ್ದಿದ್ದು?"

"ಗಟಾರದ ಹತ್ರ. ಗೊತ್ತಿಲ್ಲೇನ ನಿನಗ?"

"ಗೊತ್ತೈತಿ, ಅದಕ್ಕ ಕೇಳಾಕತ್ತೀನಿ. ಮತ್ತ ಎತ್ತಿನ ಬಾಲಾ ಕಂಬಕ್ಕ ಯಾಕ ಸುತ್ತಗೊಂಡೈತಿ?"

ಕಸಿದುಕೊಂಡು ನೋಡಿದೆ. ನಿಜ. ಕಂಬ ಎತ್ತಿನ ಬೆನ್ನಿಗೆ ಅಂಟಿಕೊಂಡೇ ನಿಂತಿತ್ತು, ಹಾರಿದ ಬಾಲ ಅದನ್ನು ಸುತ್ತಿದ ಹಾಗೆ ಕಾಣುತ್ತಿತ್ತು. ಭರಮಪ್ಪನ ಎಡಗೈ ಆ ಕಂಬವನ್ನು ಹಿಡಿದಿತ್ತು. ಬೇಡವೆಂದು ನಾನು ಕತ್ತರಿಸಿ ಬಿಟ್ಟದ್ದು ಆ ಕಂಬವನ್ನೇ, ಆ ಕೈಯನ್ನೇ.

"ನಿನಗ ಫೋಟೋದ ವಿಚಾರ ಏನ ತಿಳಿತೈತಿ, ಸುಮ್ನಿರು," ಎಂದು ರೇಗಿದೆ. ಸಿಟ್ಟು ಅವಳ ಮೇಲಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ನನಗ ತಿಳ್ಯಾಂಗಿಲ್ಲ ಬಿಡ್ರಿ. ನಮ್ಮವ್ವ ಹೇಳತಿದ್ಲು, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಂತ. ನೀವು ಪ್ರಮಾಣಿಸಿರೇನು?"

ತಾಟು ಸರಿಸಿ ಎದ್ದೆ. ಬೆಳಗಾಗುತ್ತಲೇ ಗುಡಗೇರಿ ಸ್ಟೇಶನ್ನಿಗೆ ಹೋದೆ. ಅಲ್ಲಿ ಹಳಿ ಕೋಲು ಹಿಡಿದಂತೆ ನೇರವಾಗಿ ಓಡುತ್ತದೆ, ಬದಿಗೆ ತಂತಿ ಕಂಬಗಳ ಸಾಲು. ಬರಿಗಣ್ಣಿಂದ ನೋಡಿದೆ. ಒಂದು ಕಂಬದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಒಂದು ಬೀಡಿ ಅರ್ಧ ಸುಡುವಷ್ಟು ದೂರ. ಲೆನ್ಸಿನ ಕೊಳವೆ ತಳ್ಳಿ ನೋಡಿದೆ. ದೂರದ ಕಂಬಗಳೆಲ್ಲ ಒಂದರ ಬೆನ್ನಿಗೊಂದು ಹತ್ತಿಕೊಂಡು ನಿಂತಿದ್ದವು, ಬಾಚಣಿಕೆಯ ಹಲ್ಲಿನ ಹಾಗೆ. ಮತ್ತೆ ಬರಿಗಣ್ಣು, ಮತ್ತೆ ಲೆನ್ಸು. ಹತ್ತು ಸಲ ನೋಡಿದೆ. ಇದು ದೂರದ್ದನ್ನು ಹತ್ತಿರ ತರುತ್ತದೆ ಎಂದಷ್ಟೇ ನನಗೆ ಗೊತ್ತಿತ್ತು. ಮುಂದಿನದಕ್ಕೂ ಹಿಂದಿನದಕ್ಕೂ ನಡುವಿನ ಜಾಗವನ್ನೇ ಇದು ನುಂಗುತ್ತದೆ ಎಂಬುದು ಗೊತ್ತಿರಲಿಲ್ಲ. ನನ್ನ ಹಳೆಯ ಸಾದಾ ಲೆನ್ಸಿಗೆ ಈ ಚಾಳಿ ಇರಲಿಲ್ಲ. ಅದರಲ್ಲಿ ತೆಗೆದಿದ್ದರೆ ಎತ್ತು ಸಣ್ಣದಾಗಿ ಕಾಣುತ್ತಿತ್ತು, ಭರಮಪ್ಪನ ಮುಖ ಗುರುತೇ ಸಿಗುತ್ತಿರಲಿಲ್ಲ, ಅವನು ಬದುಕಿಕೊಳ್ಳುತ್ತಿದ್ದ.

ಅಂದು ಗಡುವಿನ ಎರಡನೆಯ ದಿನ. ಓಡಿ ಬಂದು ಕಾಕಾನ ಮನೆಗೆ ಹೋದರೆ ಅವರು ಇಲ್ಲ, ಯಾವುದೋ ಕಾಗದಪತ್ರದ ಕೆಲಸಕ್ಕೆ ನವಲಗುಂದಕ್ಕೆ ಹೋಗಿದ್ದಾರೆ, ಬರುವುದು ನಾಳೆ ಎಂದರು. ಹಿರಿಯರ ಮನೆ ಮನೆ ತಿರುಗಿದೆ. "ಗೌಡ್ರ ಇಲ್ಲದ ನಾವೇನ ಮಾತಾಡೂಣು," ಎಂದು ಒಬ್ಬೊಬ್ಬರೂ ಎಲೆ ಅಡಿಕೆ ಮೆಲ್ಲುತ್ತ ಜಾರಿಕೊಂಡರು. ಭರಮಪ್ಪನ ಮನೆಯ ಹಾದಿ ಹಿಡಿಯುವ ಧೈರ್ಯ ನನಗಿರಲಿಲ್ಲ.

ರಾತ್ರಿ ತಡವಾಗಿ ತಿರುಗಿ ಬಂದಿದ್ದ ಕಾಕಾ ಮೂರನೆಯ ದಿನ ಮುಂಜಾನೆ ದನದ ಕೊಟ್ಟಿಗೆಯಲ್ಲಿ ಸಿಕ್ಕರು. ಸತ್ತದ್ದರ ಜೋಡಿಯಾಗಿದ್ದ ಇನ್ನೊಂದು ಎತ್ತಿನ ಮೈ ತಿಕ್ಕುತ್ತಿದ್ದರು. ಪಕ್ಕದ ಗೂಟ ಖಾಲಿ ಇತ್ತು. ಊರಾಚೆಯಿಂದ ಕುರಿ ಒದರುವುದು ಆಗಲೇ ಕೇಳುತ್ತಿತ್ತು. ಭರಮಪ್ಪ ಹಿಂಡು ಬಿಚ್ಚಿದ್ದ.

"ಕಾಕಾ, ಫೋಟೋ ಸುಳ್ಳ ಹೇಳೈತ್ರಿ."

ಅವರು ತಿರುಗಿ ನೋಡಲಿಲ್ಲ. "ಮೊನ್ನಿ ಅದನ್ನ ಖರೆ ಅಂದಾಂವ ಯಾರು?"

"ನಾನರಿ."

"ಇವತ್ತ ಸುಳ್ಳ ಅನ್ನಾಂವ?"

"ನಾನರಿ."

"ಭರಮ್ಯಾ ನಿನಗ ಎಷ್ಟ ಕುರಿ ಕೊಟ್ಟಾನ?"

ಮುಖಕ್ಕೆ ಹೊಡೆದಂತಾಯಿತು. ಆದರೆ ಅದಕ್ಕೆ ಉತ್ತರ ಕೊಡುತ್ತ ಕೂಡುವ ಹೊತ್ತು ಅದಲ್ಲ. "ನಿಮ್ಮ ಕಾಲ ಹಿಡೀತೀನಿ. ಈ ಎತ್ತನ್ನ ಗಟಾರದ ಹತ್ರ ತಂದ ನಿಲ್ಲಸ್ರಿ. ಕಂಬದ ಹತ್ರ ಯಾರನ್ನರ ಗಳಾ ಕೊಟ್ಟ ನಿಲ್ಲಸ್ರಿ. ನೀವ ಲೆನ್ಸಿನ್ಯಾಗ ನೋಡ್ರಿ. ಆಮ್ಯಾಲ ನನ್ನನ್ನ ಊರ ಬಿಡಸ್ರಿ ಬೇಕಾದ್ರ."

"ನೋಡಾಂಗಿಲ್ಲ. ನೋಡಿದ್ದು ಸಾಕು."

ಬಾಗಿಲಲ್ಲಿ ಮಹಾದೇವಕ್ಕ ನಿಂತಿದ್ದಳು. ಐದು ದಿನಗಳಿಂದ ಅವಳೂ ಸರಿಯಾಗಿ ಉಂಡಿರಲಿಲ್ಲ, ಕಣ್ಣು ಬಾತಿದ್ದವು. "ನೋಡಿದ್ರ ಏನ ಹೋಗತೈತಿ," ಎಂದಳು. "ಹೋಗೂದು ಹೋತು. ಗಳಾ ಹಿಡಕೊಂಡ ನಾ ನಿಂದ್ರತೀನಿ. ನಡೀರಿ."

ಅಗಸಿಯ ಕಟ್ಟೆಯ ಮೇಲೆ, ಅಂದು ಕೂತಲ್ಲೇ, ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದೆ. ಸುದ್ದಿ ಹರಡಿ ಹಿರಿಯರೂ ಬಂದರು. ಆಳೊಬ್ಬ ಎತ್ತನ್ನು ಗಟಾರಿನ ಬಳಿ ಅಡ್ಡ ನಿಲ್ಲಿಸಿದ. ಮಹಾದೇವಕ್ಕ ಕಂಬ ಹಿಡಿದು, ಕುಡಗೋಲು ಕಟ್ಟಿದ ಗಳವನ್ನು ಮುಂದೆ ಕೆಳಗಾಗಿ ಚಾಚಿದಳು. ನಡುವೆ ಮಿಣಿ ಹಗ್ಗ ಹಿಡಿದು ಅಳೆಸಿದೆ, ಎಂಟು ಮಾರು ತುಂಬ ಇತ್ತು. ಅಷ್ಟರಲ್ಲಿ ರಸ್ತೆಯ ಆ ತುದಿಯಲ್ಲಿ ಕುರಿಗಳು ಕಾಣಿಸಿದವು. ಭರಮಪ್ಪನ ಹಿಂಡು ಅದೇ ದಾರಿಯಲ್ಲಿ ಊರು ದಾಟಬೇಕಿತ್ತು.

"ನೋಡ್ರಿ ಕಾಕಾ."

ಕಾಕಾ ಬಗ್ಗಿ ಕಣ್ಣಿಟ್ಟರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅದು ಬಿಗಿಯಿತು. ತಲೆ ಎತ್ತಿ ಬರಿಗಣ್ಣಿಂದ ನೋಡಿದರು. ಮತ್ತೆ ಬಗ್ಗಿದರು. ಲೆನ್ಸಿನಲ್ಲಿ ಅವರ ಹೆಂಡತಿ, ಆ ಎತ್ತುಗಳಿಗೆ ಮಗುವಿನಂತೆ ಕಣಕ ನಾದಿ ತಿನ್ನಿಸಿದ ಮಹಾದೇವಕ್ಕ, ಎತ್ತಿನ ತೊಡೆಗೆ ಕುಡಗೋಲು ಹಾಕುತ್ತಿದ್ದಳು.

ಅವರು ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟರು. ಹಿರಿಯರು ಒಬ್ಬೊಬ್ಬರಾಗಿ ಕಣ್ಣಿಟ್ಟು ನೋಡಿ, ಒಬ್ಬರ ಮುಖ ಒಬ್ಬರು ನೋಡದೆ ಸರಿದು ನಿಂತರು.

ಹಿಂಡು ಅಗಸಿಯವರೆಗೆ ಬಂತು. ಮುಂದೆ ಸಾಮಾನು ಹೇರಿದ ಕುದುರೆ, ಪಕ್ಕದಲ್ಲಿ ತಲೆಯ ಮೇಲೆ ಗಂಟು ಹೊತ್ತ ಮೈಲಾರವ್ವ, ಹಿಂದೆ ಭರಮಪ್ಪ. ಕಾಕಾ ಎದ್ದು ದಾರಿಗೆ ಅಡ್ಡ ನಿಂತರು. ಅವರು ಯಾರ ಮುಂದೆಯೂ ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

"ಭರಮಪ್ಪ, ತಪ್ಪಾತು. ನೀ ಹೊಡದಿಲ್ಲ. ಕುರಿ ತಿರುಗಿಸು, ಮನಿಗೆ ನಡಿ."

ಮೈಲಾರವ್ವ ಅಲ್ಲಿಯೇ ಗಂಟನ್ನು ಕೆಳಗಿಳಿಸಿದಳು. ಅವಳಿಗೆ ಹೋಗುವ ಮನಸ್ಸಿರಲಿಲ್ಲ, ಅದು ಯಾರಿಗೂ ಕಾಣುವಂತಿತ್ತು. ಭರಮಪ್ಪ ಕಟ್ಟೆಯ ಮೇಲಿನ ಲೆನ್ಸನ್ನು ನೋಡಿದ.

"ಹ್ಯಾಂಗ ಗೊತ್ತಾತ್ರಿ ಗೌಡ್ರ?"

"ಇದರಾಗ ನೋಡಿದೆ. ಎಂಟ ಮಾರ ದೂರಿದ್ದದ್ದು ಹತ್ತಿಕೊಂಡ ನಿಂತಂಗ ಕಾಣತೈತಿ. ನೀ ಹೇಳಿದ್ದು ಖರೆ. ಬೇಕಾದ್ರ ಈಗ ಭಂಡಾರಾ ಹಿಡಿ, ಎಲ್ಲಾರ ಮುಂದ ನಂಬತೀನಿ."

ಭರಮಪ್ಪ ಸೊಂಟದ ಚೀಲದ ಮೇಲೆ ಕೈಯಿಟ್ಟ. ಬಿಚ್ಚಲಿಲ್ಲ.

"ಮೊನ್ನಿ ಹಿಡದಿದ್ನೆಲ್ರಿ. ಮೊನ್ನಿ ಈ ಗಾಜ ನನ್ನನ್ನ ಕಳ್ಳ ಅಂತು, ನಂಬಿದ್ರಿ. ಇವತ್ತ ಇದ ಗಾಜ ಸಾಚಾ ಅನ್ನಾಕತ್ತೈತಿ, ನಂಬೀರಿ. ನನ್ನ ಮಾತ ಯಾವತ್ತ ನಂಬಿದ್ರಿ?" ಅವನ ಧ್ವನಿ ಏರಲಿಲ್ಲ. "ನಾಳಿ ಇನ್ನೊಂದ ಫೋಟೋ ಬರತೈತಿ. ನನ್ನ ಹಂತ್ಯಾಕ ಇರೂದು ಇದೊಂದ ಚೀಲ. ಇದು ನಡೀದ ಊರಾಗ ನಾ ಹ್ಯಾಂಗ ಇರ್ಲಿ?"

ನಾನು, "ಭರಮಣ್ಣ, ತಪ್ಪ ನಂದು, ಗೌಡ್ರದಲ್ಲ," ಎಂದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, "ಇರ್ಲಿ ತಮ್ಮಾ, ನೀ ಕಣ್ಣಿಲೆ ನೋಡಿಲ್ಲಂತ ಆವತ್ತ ಹೇಳಿದ್ಯಲ್ಲ," ಎಂದ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಮೈಲಾರವ್ವ ಗಂಡನ ಮುಖ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡು, ಬಗ್ಗಿ ಗಂಟನ್ನು ತಲೆಗೆ ಏರಿಸಿಕೊಂಡಳು.

ಹಿಂಡು ಅಗಸಿ ದಾಟಿತು. ಎರೆ ಹೊಲಗಳ ನಡುವಿನ ಬಂಡಿಜಾಡಿನಲ್ಲಿ ಇಳಿದು ಸಣ್ಣದಾಗುತ್ತ ಹೋಯಿತು. ಜನ ಕರಗಿದರು. ಮಹಾದೇವಕ್ಕ ಎತ್ತು ಹೊಡೆದುಕೊಂಡು ಮನೆಗೆ ಹೋದಳು, ಹಿಂದೆ ಕಾಕಾ.

ಈಗಲೂ ಹೊಸ ಹುಡುಗರು ಸ್ಟುಡಿಯೋಕ್ಕೆ ಬಂದು, ಅಷ್ಟು ದುಡ್ಡು ಕೊಟ್ಟು ಅಂಥ ಲೆನ್ಸು ಕೊಳ್ಳಬಹುದೇ ಎಂದು ಕೇಳುತ್ತಾರೆ. ನಾನು ಗಾಜಿನ ಗುಣ ಹೇಳುತ್ತೇನೆ, ದೋಷವನ್ನೂ ಹೇಳುತ್ತೇನೆ. ಈ ಕೊನೆಯ ಸಂಗತಿ ಮಾತ್ರ ಹೇಳುವುದಿಲ್ಲ. ಅಂದು ಎಲ್ಲರೂ ಹೋದ ಮೇಲೆ ನಾನು ಕ್ಯಾಮೆರಾವನ್ನು ಬಂಡಿಜಾಡಿನ ಕಡೆ ತಿರುಗಿಸಿ, ಕೊಳವೆಯನ್ನು ಪೂರ್ತಿ ತಳ್ಳಿದೆ. ಭರಮಪ್ಪ ಲೆನ್ಸಿನೊಳಗೆ ಬಂದ. ಕಂಬಳಿಯ ನೂಲು, ಹೆಗಲ ಮೇಲಿನ ಗಳ, ಸೊಂಟದ ಚೀಲ ಎಲ್ಲ ಕೈಚಾಚಿದರೆ ಸಿಗುವಷ್ಟು ಹತ್ತಿರ ಇದ್ದವು. ಕಣ್ಣು ತೆಗೆಯದೆ, "ಭರಮಣ್ಣ," ಎಂದು ಮೆಲ್ಲಗೆ ಕರೆದೆ, ಪಕ್ಕದಲ್ಲಿದ್ದವರನ್ನು ಕರೆಯುವ ಹಾಗೆ. ಆಮೇಲೆ ಗಂಟಲು ಹರಿಯುವಂತೆ ಕೂಗಿದೆ. ಅವನು ತಿರುಗಲಿಲ್ಲ. ಕಣ್ಣು ಎತ್ತಿ ನೋಡಿದರೆ ಅವನು ಅಲ್ಲೆಲ್ಲೋ, ಕೇಳಿಸದಷ್ಟು ದೂರ ಹೋಗಿದ್ದ.